ಹಸಿರು ಟೋಪಿ ಬಿಡಿ, ಜೊಂಡು ಹುಲ್ಲು ತನ್ನಿ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಗಂಡನ ಕೆಲಸದ ಸಲುವಾಗಿ ಐರ್ಲೆಂಡಿನ ಗಾಲ್ವೇಗೆ ಬಂದು ಒಂದು ವರ್ಷ ಆಯ್ತು. ಮಗನಿಗೆ ಒಂಬತ್ತು, ಮಗಳಿಗೆ ಐದು. ಕ್ರಿಸ್ಮಸ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಒಂದಾದ ಮೇಲೊಂದು ಹಬ್ಬ. "ಅಮ್ಮಾ, ನಾವೂ ಮನೇಲಿ ಏನಾದ್ರೂ ಮಾಡೋಣ" ಅಂತ ಮಕ್ಕಳ ಹಟ. ಅಂಗಡಿಗೆ ಹೋದರೆ ಬರೀ ಪ್ಲಾಸ್ಟಿಕ್ ಹಸಿರು ಟೋಪಿ, ಕಿತ್ತಳೆ ಗಡ್ಡ. ನನಗೆ ಕೈಕೆಲಸ ಅಷ್ಟು ಬರಲ್ಲ. ರಂಗೋಲಿ ಹಾಕ್ತೀನಿ, ಅಷ್ಟೇ. ಮಕ್ಕಳ ಕೈಲಿ ಏನು ಮಾಡಿಸಬಹುದು? ಬ್ರಿಜಿಡ್ ಶಿಲುಬೆ ಅಂತ ಒಂದಿದೆಯಂತೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ, ನಮ್ಮ ಮನೆಗೆ ಶಿಲುಬೆ ಯಾಕೆ ಅಂತಾರೇನೋ ಅನ್ನೋ ಅಳುಕು ಬೇರೆ. ಊರಲ್ಲಿರುವ ಅಪ್ಪ ಅಮ್ಮನಿಗೂ ಮಕ್ಕಳು ಮಾಡಿದ್ದು ಏನಾದರೂ ಕಳಿಸಬೇಕು ಅಂತಿದೆ.

ಉತ್ತರ: ರಂಗೋಲಿ ಹಾಕುವವರು ಕೈಕೆಲಸ ಬರಲ್ಲ ಅನ್ನಬಾರದು. ಚುಕ್ಕಿ ಇಟ್ಟು ಎಳೆ ಸುತ್ತುವ ಕೈಗೆ ಇಲ್ಲಿಯ ಹಬ್ಬದ ಕೆಲಸಗಳೆಲ್ಲ ಸಲೀಸು.

ಮೊದಲು ಆ ಹಸಿರು ಟೋಪಿಯ ವಿಷಯ. ಟೋಪಿ, ಗಡ್ಡ, ಮಿನುಗು ಪುಡಿ ಮೆತ್ತಿದ ಚಿನ್ನದ ಗಡಿಗೆ, ಇವೆಲ್ಲ ಅಂಗಡಿಯವರ ಹಬ್ಬ. ಮಾರ್ಚ್‌ನಲ್ಲಿ ಪ್ಯಾಟ್ರಿಕ್ ಹಬ್ಬದ ಮೆರವಣಿಗೆ ದಿನ ಮಕ್ಕಳು ಹಾಕಿಕೊಂಡು ಕುಣಿಯಲಿ, ತಪ್ಪೇನಿಲ್ಲ. ಆದರೆ ಮನೆಯಲ್ಲಿ ಕೂತು ಮಾಡುವುದಕ್ಕೆ ಅದು ಬೇಡ. ಇಲ್ಲಿಯ ಮನೆಗಳಲ್ಲಿ ಮಕ್ಕಳು ಹಿಂದಿನಿಂದ ಮಾಡಿಕೊಂಡು ಬಂದ ವಸ್ತುಗಳು ಬೇರೆಯೇ ಇವೆ. ಕಿಟಕಿಗೊಂದು ದೀಪ, ಬಾಗಿಲಿಗೊಂದು ಹುಲ್ಲಿನ ಶಿಲುಬೆ, ಎದೆಗೊಂದು ಕಾಗದದ ಬ್ಯಾಡ್ಜು. ಪ್ರತಿಯೊಂದಕ್ಕೂ ಒಂದು ಜಾಗ ಇದೆ, ಒಂದು ಕೆಲಸ ಇದೆ. ಲೈಬ್ರರಿಗಳಲ್ಲಿ ಮಕ್ಕಳಿಗೆ ಹೇಳಿಕೊಡುವಾಗ ನಾನು ಆರಿಸಿಕೊಳ್ಳುವುದು ಇಂಥದ್ದನ್ನೇ. ಜಾಗ ಇಲ್ಲದ ವಸ್ತು ಎರಡು ದಿನ ಫ್ರಿಜ್ ಬಾಗಿಲ ಮೇಲಿದ್ದು ಆಮೇಲೆ ಕಸದ ಡಬ್ಬಿಗೆ ಹೋಗುತ್ತದೆ. ಮಗು ಅದನ್ನು ನೋಡಿದರೆ ಅಳುವುದು ಗ್ಯಾರಂಟಿ.

ಕ್ರಿಸ್ಮಸ್‌ನಿಂದ ಶುರು ಮಾಡೋಣ. ಡಿಸೆಂಬರ್ 24ರ ರಾತ್ರಿ ಐರಿಷ್ ಮನೆಗಳಲ್ಲಿ ಕಿಟಕಿಯ ಬಳಿ ಒಂದು ಮೇಣದ ಬತ್ತಿ ಹಚ್ಚಿಡುತ್ತಾರೆ. ಆ ರಾತ್ರಿ ತಂಗಲು ಜಾಗ ಸಿಗದೆ ಅಲೆದ ಮೇರಿ ಮತ್ತು ಜೋಸೆಫರಿಗೆ ಈ ಮನೆಯ ಬಾಗಿಲು ತೆರೆದಿದೆ ಅಂತ ಅದರ ಅರ್ಥ. ಹಚ್ಚುವ ಹಕ್ಕು ಮನೆಯ ಅತಿ ಚಿಕ್ಕವರದ್ದು. ಅಂದರೆ ನಿಮ್ಮಲ್ಲಿ ಮಗಳದ್ದು. ಇದಕ್ಕೆ ಇನ್ನೊಂದು ಎಳೆಯೂ ಸೇರಿದೆ. 1990ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಮೇರಿ ರಾಬಿನ್ಸನ್, ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿರುವ ತಮ್ಮ ಅಧಿಕೃತ ನಿವಾಸದ ಅಡುಗೆಮನೆ ಕಿಟಕಿಯಲ್ಲಿ ಒಂದು ದೀಪ ಇಟ್ಟರು. ದೇಶ ಬಿಟ್ಟು ಹೊರಗೆ ಹೋದ ಐರಿಷರನ್ನೆಲ್ಲ ನೆನೆಯುವುದಕ್ಕೆ. ಊರು ಬಿಟ್ಟು ಬಂದ ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮಾಡುವುದು ಸುಲಭ. ಜಾಮ್ ಬಾಟಲಿ ತೊಳೆದು ಲೇಬಲ್ ಕಿತ್ತು ಒಣಗಿಸಿ. ಎರಡು ಪಾಲು ಬಿಳಿ ಅಂಟಿಗೆ ಒಂದು ಪಾಲು ನೀರು ಬೆರೆಸಿ. ನಮ್ಮೂರಿನ ಫೆವಿಕಾಲ್‌ಗೆ ಇಲ್ಲಿಯ ಅಂಗಡಿಯಲ್ಲಿ ಪಿವಿಎ ಅಂತ ಕೇಳಿ. ಟಿಶ್ಯೂ ಕಾಗದವನ್ನು ಕತ್ತರಿಯಿಂದ ಕತ್ತರಿಸಬೇಡಿ, ಮಗಳ ಕೈಲಿ ಹರಿಸಿ. ಹರಿದ ಅಂಚು ಒಂದರ ಮೇಲೊಂದು ಚೆನ್ನಾಗಿ ಕೂರುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಬಾಟಲಿಯ ಹೊರಮೈಗೆ ಬ್ರಷ್‌ನಿಂದ ಅಂಟು ಸವರಿ, ಚೂರುಗಳನ್ನು ಮೆತ್ತಿ, ಮೇಲೆ ಇನ್ನೊಂದು ಸಲ ಅಂಟು ಸವರಿ. ಹಳದಿ, ಬಿಳಿ, ಕಿತ್ತಳೆ ಜಾಸ್ತಿ ಇರಲಿ. ಕಡು ಹಸಿರು, ಕಡು ನೀಲಿ ಬೆಳಕನ್ನು ನುಂಗಿಬಿಡುತ್ತವೆ. ರಾತ್ರಿಯಿಡೀ ಒಣಗಲು ಬಿಡಿ. ಒಳಗೆ ಬ್ಯಾಟರಿಯ ಪುಟ್ಟ ದೀಪ ಇಡಿ. ನಿಜವಾದ ಮೇಣದ ಬತ್ತಿ ಬೇಡವೇ ಬೇಡ. ಕಿಟಕಿ ಅಂದಮೇಲೆ ಪರದೆ ಇರುತ್ತದೆ, ಪರದೆ ಅಂದಮೇಲೆ ಬೆಂಕಿಯ ಭಯ. ಸ್ವಿಚ್ ಒತ್ತಿದರೂ ಐದು ವರ್ಷದವಳಿಗೆ ದೀಪ ಹಚ್ಚಿದ ಸಂಭ್ರಮವೇ.

ಬಾಟಲಿಯ ಸುತ್ತ ಹಾಲಿ ಎಲೆ ಇಡುವುದು ಇಲ್ಲಿಯ ರೂಢಿ. ಮುಳ್ಳಂಚಿನ ಎಲೆ, ಕೆಂಪು ಹಣ್ಣು. ಆ ಹಣ್ಣು ತಿಂದರೆ ವಾಂತಿ ಆಗುತ್ತದೆ. ಚಿಕ್ಕ ಮಗು ಇರುವ ಮನೆಯಲ್ಲಿ ಕಾಗದದ್ದೇ ಮೇಲು. ಹಸಿರು ಕಾಗದವನ್ನು ಉದ್ದಕ್ಕೆ ಮಡಚಿ, ಅಂಚಿನಲ್ಲಿ ಚಂದ್ರನ ಹಾಗೆ ಮೂರು ನಾಲ್ಕು ಕಚ್ಚು ಕತ್ತರಿಸಿ ಬಿಡಿಸಿದರೆ ಎಲೆ ತಯಾರು.

ಮರುದಿನ ಕಳೆದು 26ಕ್ಕೆ ಸೇಂಟ್ ಸ್ಟೀಫನ್ ದಿನ. ಅವತ್ತು ರೆನ್ ಹಕ್ಕಿಯ ಹಬ್ಬ. ಕೆರಿ ಜಿಲ್ಲೆಯ ಡಿಂಗಲ್ ಊರಲ್ಲಿ ಇದು ಈಗಲೂ ಜೋರು. ಹುಲ್ಲಿನ ಉಡುಪು, ಮುಖ ಮುಚ್ಚುವ ಹುಲ್ಲಿನ ಕುಲಾವಿ, ಡೋಲು, ಕೊಳಲು, ಬೀದಿ ತುಂಬ ಗದ್ದಲ. ಹಿಂದೆ ನಿಜವಾದ ಹಕ್ಕಿಯನ್ನೇ ಬೇಟೆಯಾಡಿ ಕೋಲಿಗೆ ಕಟ್ಟಿಕೊಂಡು ಮನೆ ಮನೆಗೆ ಹೋಗಿ ಕಾಸು ಕೇಳುತ್ತಿದ್ದರು. ಈಗ ಗೊಂಬೆ ಹಕ್ಕಿ ಸಾಕು.

ಮಕ್ಕಳಿಗೆ ಮೊದಲು ಕಥೆ ಹೇಳಿ. ಯಾರು ಅತಿ ಎತ್ತರಕ್ಕೆ ಹಾರುತ್ತಾರೋ ಅವರೇ ರಾಜ ಅಂತ ಹಕ್ಕಿಗಳೆಲ್ಲ ಪಂದ್ಯ ಕಟ್ಟಿದವು. ಹದ್ದು ಎಲ್ಲರನ್ನೂ ಹಿಂದೆ ಹಾಕಿ ಮೇಲೆ ಹೋಯಿತು. ಇನ್ನು ರೆಕ್ಕೆ ಸೋತಿತು ಅನ್ನುವಾಗ ಅದರ ಗರಿಯೊಳಗೆ ಅಡಗಿ ಕೂತಿದ್ದ ಪುಟ್ಟ ರೆನ್ ಹೊರಬಂದು ಇನ್ನೊಂದು ಗೇಣು ಮೇಲೆ ಹಾರಿತು. ಅದೇ ರಾಜ ಆಯಿತು. ಇದು ಜಾಣತನವೋ ಮೋಸವೋ ಅಂತ ನಿಮ್ಮ ಮಗ ಖಂಡಿತ ಜಗಳ ತೆಗೆಯುತ್ತಾನೆ. ತೆಗೆಯಲಿ. ಅಷ್ಟು ಹೊತ್ತಿಗೆ ಹಕ್ಕಿ ತಯಾರಾಗಿರುತ್ತದೆ. ಹಳೆ ಪೇಪರ್ ಉಂಡೆ ಮಾಡಿ, ನಿಂಬೆಹಣ್ಣಿನ ಗಾತ್ರಕ್ಕೆ ಒತ್ತಿ, ಕಂದು ಕಾಗದ ಸುತ್ತಿ ಅಂಟಿಸಿ. ಬಾಲ ನೆಟ್ಟಗೆ ಮೇಲಕ್ಕೆ ನಿಲ್ಲಬೇಕು, ರೆನ್‌ನ ಗುರುತೇ ಅದು. ಒಂದು ಕೋಲಿನ ತುದಿಗೆ ಕಟ್ಟಿ, ಮನೆಯಲ್ಲಿ ಇರುವ ರಿಬ್ಬನ್ ಚೂರುಗಳನ್ನೆಲ್ಲ ಇಳಿಬಿಡಿ. ಕೋಟು ಒಳಹೊರಗು ಮಾಡಿ ಹಾಕಿಕೊಂಡರೆ ವೇಷ ಮುಗಿಯಿತು.

ಈಗ ಬ್ರಿಜಿಡ್ ಶಿಲುಬೆಗೆ ಬರೋಣ. ನೀವು ಈ ವರ್ಷ ಒಂದೇ ಒಂದು ವಸ್ತು ಮಾಡುವುದಾದರೆ ಇದನ್ನೇ ಮಾಡಿ ಅನ್ನುತ್ತೇನೆ.

ಫೆಬ್ರವರಿ 1 ಸಂತ ಬ್ರಿಜಿಡ್‌ಳ ದಿನ. ಐರಿಷರ ಲೆಕ್ಕದಲ್ಲಿ ವಸಂತ ಶುರುವಾಗುವುದು ಅವತ್ತೇ. 2023ರಿಂದ ಇದಕ್ಕೆ ಸರ್ಕಾರಿ ರಜೆಯೂ ಇದೆ. ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಸೋಮವಾರ, 1ನೇ ತಾರೀಖು ಶುಕ್ರವಾರ ಬಿದ್ದರೆ ಅವತ್ತೇ. ಈ ದೇಶದಲ್ಲಿ ಒಬ್ಬ ಹೆಣ್ಣಿನ ಹೆಸರಿನ ಮೊದಲ ಸಾರ್ವಜನಿಕ ರಜೆ ಇದು. ಬ್ರಿಜಿಡ್ ಕಿಲ್ಡೇರ್‌ನಲ್ಲಿ ಮಠ ಕಟ್ಟಿದವಳು. ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಪಾಳೆಯಗಾರನ ಹಾಸಿಗೆ ಪಕ್ಕ ಕೂತಿದ್ದಾಗ, ನೆಲಕ್ಕೆ ಹಾಸಿದ್ದ ಹುಲ್ಲನ್ನೇ ಎತ್ತಿಕೊಂಡು ಸುಮ್ನೆ ಹೆಣೆಯುತ್ತಾ ಹೋದಳಂತೆ. ಏನು ಅದು ಅಂತ ಅವನು ಕೇಳಿದ. ಹೆಣೆಯುತ್ತಲೇ ಅವಳು ಶಿಲುಬೆಯ ಕಥೆ ಹೇಳಿದಳು. ಕಥೆ ಹೇಳುತ್ತಾ ಕೈ ಆಡಿಸುವುದು ಈ ಕೆಲಸದ ಹುಟ್ಟಿನಲ್ಲೇ ಇದೆ. 1961ರ ಕೊನೆಯ ದಿನ ಐರಿಷ್ ಟಿವಿ ಪ್ರಸಾರ ಶುರುವಾದಾಗ ಇದೇ ಶಿಲುಬೆಯನ್ನು ಲಾಂಛನ ಮಾಡಿಕೊಂಡರು. ಹಾಗಾಗಿ ನಿಮ್ಮ ಬೀದಿಯ ಹಿರಿಯರಿಗೆಲ್ಲ ಇದು ಟಿವಿಯಲ್ಲಿ ನೋಡಿ ಬೆಳೆದ ಆಕಾರ.

ಅತ್ತೆಯವರ ವಿಷಯ. ಅವರಿಗೆ ಹೀಗೆ ಹೇಳಿ: ವರ್ಷಕ್ಕೊಮ್ಮೆ ಹೊಸದು ಮಾಡಿ ಬಾಗಿಲ ಮೇಲೆ ಕಟ್ಟುತ್ತಾರೆ, ಮನೆಗೆ ಬೆಂಕಿ, ಕಾಯಿಲೆ ಸೋಕದಿರಲಿ ಅಂತ. ಯುಗಾದಿಗೆ ಮಾವಿನ ತೋರಣ ಕಟ್ಟಿದವರಿಗೆ ಇದು ಅರ್ಥವಾಗದೇ ಇರುತ್ತದೆಯೇ? ಇನ್ನೊಂದು ವಿಷಯ. ಬ್ರಿಜಿಡ್ ಅನ್ನುವುದು ಕ್ರೈಸ್ತ ಧರ್ಮ ಬರುವುದಕ್ಕೆ ಮುಂಚಿನ ಒಬ್ಬ ಐರಿಷ್ ದೇವತೆಯ ಹೆಸರೂ ಹೌದು. ಈ ಶಿಲುಬೆಯಲ್ಲಿ ಮೂರೇ ತೋಳಿನ ಒಂದು ಬಗೆಯೂ ಇದೆ. ಅದನ್ನು ಕಟ್ಟುತ್ತಿದ್ದುದು ದನದ ಕೊಟ್ಟಿಗೆಯಲ್ಲಿ, ಹಸುಗಳು ಚೆನ್ನಾಗಿರಲಿ ಅಂತ. ನಾಲ್ಕು ತೋಳಿನದ್ದಕ್ಕೆ ಮನೆಯಲ್ಲಿ ಮುಜುಗರ ಅನಿಸಿದರೆ ಕೊಟ್ಟಿಗೆಯದ್ದನ್ನು ಮಾಡಿ. ಶಾಲೆಯಲ್ಲಂತೂ ಯಾವ ಧರ್ಮದ ಮಕ್ಕಳೂ ಕೂತು ಹೆಣೆಯುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಹುಲ್ಲು ತರುವುದೇ ಅರ್ಧ ಹಬ್ಬ. ಇಲ್ಲಿಯವರು ರಶ್ ಅನ್ನುವ ಜೊಂಡಿನಂಥ ಹುಲ್ಲು ಬೇಕು. ಒದ್ದೆ ಹೊಲಗಳಲ್ಲಿ ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತದೆ. ಗಾಲ್ವೇ ಸುತ್ತಮುತ್ತ ಇದಕ್ಕೇನೂ ಬರ ಇಲ್ಲ, ಊರು ದಾಟಿದರೆ ಸಾಕು. ಕಡ್ಡಿ ದುಂಡಗೆ, ನುಣುಪಾಗಿ, ಎಲೆಯೇ ಇಲ್ಲದೆ ನೆಟ್ಟಗಿರುತ್ತದೆ. ಉಗುರಿನಿಂದ ಸೀಳಿದರೆ ಒಳಗೆ ಬಿಳಿ ಸ್ಪಂಜಿನಂಥ ತಿರುಳು. ಹೊಲದ ಮಾಲೀಕರನ್ನು ಒಂದು ಮಾತು ಕೇಳಿ ಕೀಳಿ. ಅವರಿಗೆ ಇದು ಕಳೆ, ಎಷ್ಟು ಕಿತ್ತರೂ ಖುಷಿಯೇ. ಸಂಪ್ರದಾಯದ ಪ್ರಕಾರ ಚಾಕುವಿನಿಂದ ಕೊಯ್ಯಬಾರದು, ಕೈಯಿಂದಲೇ ಕೀಳಬೇಕು, ಅದೂ ಜನವರಿ 31ರ ಸಂಜೆ. ನಿಮಗೆ ಅವತ್ತೇ ಆಗದಿದ್ದರೆ ಎರಡು ದಿನ ಮುಂಚೆ ತಂದು ಒದ್ದೆ ಟವೆಲ್‌ನಲ್ಲಿ ಸುತ್ತಿಡಿ. ಒಣಗಿದರೆ ಮಡಚುವಾಗ ಮುರಿಯುತ್ತದೆ. ಒಂದೊಂದೂ ಮೊಳದಷ್ಟಾದರೂ ಉದ್ದ ಇರಲಿ. ಮಕ್ಕಳಿಗೆ ರಬ್ಬರ್ ಬೂಟು ಹಾಕಿಸಿ, ಬದಲಿ ಕಾಲುಚೀಲ ಕಾರಿನಲ್ಲಿಡಿ. ಈ ಹುಲ್ಲು ಇರುವ ಕಡೆ ಕೆಸರು ಇದ್ದೇ ಇರುತ್ತದೆ.

ಹೆಣೆಯುವುದು ಹೀಗೆ. ಒಂದು ಹುಲ್ಲನ್ನು ನೆಟ್ಟಗೆ ಹಿಡಿಯಿರಿ. ಇನ್ನೊಂದನ್ನು ನಡುವಿಗೆ ಮಡಚಿ, ಮೊದಲನೆಯದರ ನಡುವನ್ನು ಸುತ್ತುವ ಹಾಗೆ ಹಾಕಿ. ಅದರ ಎರಡು ತುದಿಗಳೂ ಬಲಕ್ಕೆ ಚಾಚಿರಬೇಕು. ಸೇರುವ ಜಾಗವನ್ನು ಎಡಗೈ ಹೆಬ್ಬೆರಳು, ತೋರುಬೆರಳಲ್ಲಿ ಬಿಗಿಯಾಗಿ ಒತ್ತಿ. ಈಗ ಬಲಕ್ಕೆ ಚಾಚಿದ್ದು ಮೇಲಕ್ಕೆ ಬರುವ ಹಾಗೆ ಇಡೀ ಕಟ್ಟನ್ನು ಕಾಲು ಸುತ್ತು ತಿರುಗಿಸಿ. ಗಡಿಯಾರದ ಮುಳ್ಳು ಹೋಗುವುದಕ್ಕೆ ಎದುರು ದಿಕ್ಕು. ಮೂರನೆಯ ಹುಲ್ಲನ್ನು ಮಡಚಿ, ಮೇಲಕ್ಕೆ ನಿಂತ ಜೋಡಿಯ ಸುತ್ತ ಹಾಕಿ. ಇದರ ತುದಿಗಳೂ ಬಲಕ್ಕೆ. ಮಧ್ಯಕ್ಕೆ ತಳ್ಳಿ ಬಿಗಿ ಮಾಡಿ. ಮತ್ತೆ ತಿರುಗಿಸಿ. ಇಷ್ಟೇ ಕೆಲಸ. ಹೊಸ ಹುಲ್ಲು ಯಾವಾಗಲೂ ಬಲಕ್ಕೆ, ಮೇಲಕ್ಕೆ ನಿಂತಿರುವ ಅಷ್ಟೂ ಎಳೆಗಳನ್ನು ತಬ್ಬಿಕೊಂಡು. ಒಂದು ಎಳೆಯನ್ನೂ ಹೊರಗೆ ಬಿಡಬಾರದು.

ನಾಲ್ಕೈದು ಸಲ ತಿರುಗಿಸುವ ಹೊತ್ತಿಗೆ ನಡುವೆ ಒಂದು ಚೌಕ ಮೂಡುತ್ತದೆ. ಮಕ್ಕಳ ಮುಖ ಅರಳುವುದು ಆಗಲೇ. ಅಲ್ಲಿಯವರೆಗೆ "ಇದು ಸರಿ ಹೋಗ್ತಾ ಇಲ್ಲ" ಅಂತ ಗೊಣಗುತ್ತಲೇ ಇರುತ್ತಾರೆ. ಒಂಬತ್ತರ ಮಗನಿಗೆ ಲೆಕ್ಕ ಕೊಡಿ: ನಡುವಿನದ್ದು ಬಿಟ್ಟು ಸುತ್ತಲಿನ ಹುಲ್ಲು ನಾಲ್ಕರ ಮಗ್ಗಿಯಲ್ಲಿರಬೇಕು. 12 ಆದರೆ ತೋಳಿಗೆ ಮೂರು, 16 ಆದರೆ ನಾಲ್ಕು. ಲೆಕ್ಕ ತಪ್ಪಿದರೆ ಒಂದು ತೋಳು ದಪ್ಪ, ಒಂದು ತೋಳು ಸಣ್ಣ ಆಗುತ್ತದೆ.

ಕೆಡುವುದು ಸಾಮಾನ್ಯವಾಗಿ ಕಟ್ಟುವಾಗ. ಕೈ ಸಡಿಲ ಬಿಟ್ಟರೆ ಅಷ್ಟೂ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕೂರುವ ಮೊದಲೇ ನಾಲ್ಕು ರಬ್ಬರ್ ಬ್ಯಾಂಡ್ ಪಕ್ಕದಲ್ಲಿಟ್ಟುಕೊಳ್ಳಿ. ಮಗ ನಡುವನ್ನು ಹಿಡಿದಿರಲಿ, ನೀವು ಒಂದೊಂದೇ ತೋಳಿಗೆ ಬ್ಯಾಂಡ್ ಹಾಕಿ. ಆಮೇಲೆ ನಿಧಾನವಾಗಿ ದಾರ ಕಟ್ಟಿ ಬ್ಯಾಂಡ್ ತೆಗೆಯಬಹುದು. ತೋಳುಗಳ ತುದಿಯನ್ನು ಕತ್ತರಿಯಿಂದ ಒಂದೇ ಅಳತೆಗೆ ತನ್ನಿ. ಎರಡು ಮೂರು ವಾರದಲ್ಲಿ ಹಸಿರು ಹೋಗಿ ಹುಲ್ಲು ಒಣ ಬಣ್ಣಕ್ಕೆ ತಿರುಗುತ್ತದೆ. ಹಾಳಾಯಿತು ಅಂತ ಎಸೆಯಬೇಡಿ. ಅದು ಇರಬೇಕಾದ ಬಣ್ಣವೇ ಅದು.

ಮೂರು ತೋಳಿನದ್ದಕ್ಕೆ ಶುರು ಮಾತ್ರ ಬೇರೆ. ಮೂರು ಹುಲ್ಲನ್ನೂ ಮಡಚಿಕೊಳ್ಳಿ. ಎರಡನೆಯದು ಮೊದಲನೆಯದನ್ನು ತಬ್ಬಬೇಕು, ಮೂರನೆಯದು ಎರಡನೆಯದನ್ನು ತಬ್ಬಬೇಕು. ಮೂರನೆಯದರ ತುದಿಗಳನ್ನು ಮೊದಲನೆಯದರ ಮಡಿಕೆಯೊಳಗೆ ತೂರಿಸಿ ಎಳೆಯಿರಿ. ಮೂರೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮುಂದಿನದು ಅದೇ ರೀತಿ, ಕಾಲು ಸುತ್ತಿನ ಬದಲು ಮೂರನೇ ಒಂದು ಸುತ್ತು.

ಐದರ ಮಗಳಿಗೆ ಹುಲ್ಲು ಕಷ್ಟ. ಬೆರಳಿಗೆ ಅಷ್ಟು ಬಿಗಿ ಬರುವುದಿಲ್ಲ. ಅವಳಿಗೆ ಪೈಪ್ ಕ್ಲೀನರ್, ಅಂದರೆ ನೂಲು ಸುತ್ತಿದ ಮೆತ್ತನೆ ತಂತಿ ಕೊಡಿ, ಒಂಬತ್ತು ಸಾಕು. ತಂತಿ ಇರುವುದರಿಂದ ಕೈ ಬಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕಿಂತ ಸುಲಭದ್ದೂ ಇದೆ. ಕೆಲವು ಕಡೆ ಎರಡು ಕಡ್ಡಿಯನ್ನು ಅಡ್ಡಡ್ಡ ಕಟ್ಟಿ, ಅದರ ಸುತ್ತ ಹುಲ್ಲು ಹೆಣೆದು ವಜ್ರಾಕಾರ ಮಾಡುತ್ತಿದ್ದರು. ಎರಡು ಐಸ್‌ಕ್ರೀಂ ಕಡ್ಡಿ, ಒಂದಷ್ಟು ಉಲ್ಲನ್ ದಾರ. ಕಡ್ಡಿಗೊಂದು ಸುತ್ತು, ಪಕ್ಕದ ಕಡ್ಡಿಗೊಂದು ಸುತ್ತು, ಹೀಗೇ ಹೋದರೆ ಆಯಿತು. ಇಡೀ ಮನೆಯಲ್ಲಿ ಕೈಕೆಲಸದ ದಾರ ಇಲ್ಲದಿದ್ದರೆ ಹಳೆ ಸ್ವೆಟರ್ ಬಿಚ್ಚಿ.

ಇನ್ನೊಂದು ಸಣ್ಣ ಪದ್ಧತಿ ಅತ್ತೆಯವರಿಗೆ ಇಷ್ಟವಾಗಬಹುದು. 31ರ ರಾತ್ರಿ ಒಂದು ಬಟ್ಟೆಯನ್ನು ಮನೆಯ ಹೊರಗೆ ಕಟ್ಟಿಡುತ್ತಾರೆ. ಬ್ರಿಜಿಡ್ ಹಾದುಹೋಗುವಾಗ ಮುಟ್ಟಿ ಹರಸುತ್ತಾಳೆ, ಆಮೇಲೆ ಆ ಬಟ್ಟೆ ತಲೆನೋವಿಗೆ ಒಳ್ಳೆಯದು ಅನ್ನುವ ನಂಬಿಕೆ. ಬಿಳಿ ಹತ್ತಿ ಬಟ್ಟೆಯ ಪಟ್ಟಿಯ ಮೇಲೆ ಅತ್ತೆ ಚುಕ್ಕಿ ಇಡಲಿ, ಮೊಮ್ಮಗಳು ಬಣ್ಣದ ಪೆನ್ನಲ್ಲಿ ಎಳೆ ಎಳೆಯಲಿ.

ಮಾರ್ಚ್ 17ಕ್ಕೆ ಐರ್ಲೆಂಡಿನ ಪೋಷಕ ಸಂತ ಪ್ಯಾಟ್ರಿಕ್‌ನ ದಿನ. 1903ರ ಕಾನೂನಿನಿಂದ ರಜೆಯಾದ ದಿನ. ಆಗಿನ ಕಾಲದ ಫೋಟೋಗಳಲ್ಲಿ ಹಸಿರು ಟೋಪಿಯನ್ನು ಹುಡುಕಬೇಡಿ, ಸಿಗುವುದಿಲ್ಲ. ಆಗ ಮಕ್ಕಳು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದುದು ತಾವೇ ಮಾಡಿದ ಪ್ಯಾಟ್ರಿಕ್ ಶಿಲುಬೆ ಅನ್ನುವ ಬ್ಯಾಡ್ಜು. ಗಂಡುಮಕ್ಕಳದ್ದು ಕಾಗದದ್ದು: ಬಿಳಿ ಕಾಗದದ ಮೇಲೆ ಒಂದು ವೃತ್ತ, ಒಳಗೆ ಶಿಲುಬೆಯ ಆಕಾರ, ಖಾಲಿ ಜಾಗಕ್ಕೆಲ್ಲ ಬಣ್ಣ. ಹೆಣ್ಣುಮಕ್ಕಳದ್ದು ರಟ್ಟಿನ ಮೇಲೆ ಬಣ್ಣದ ರಿಬ್ಬನ್ ಸುತ್ತಿದ್ದು, ನಡುವೆ ರಿಬ್ಬನ್ ಹೂವು. ಅಂಗಡಿ ಬಣ್ಣ ಕೊಳ್ಳಲು ಕಾಸಿಲ್ಲದ ಮನೆಗಳಲ್ಲಿ ಮೊಟ್ಟೆಯ ಹಳದಿ, ಸೊಪ್ಪಿನ ರಸ, ಸಿಕ್ಕಿದ್ದೆಲ್ಲ ಬಣ್ಣವೇ.

ನಿಮ್ಮ ರಂಗೋಲಿ ಉಪಯೋಗಕ್ಕೆ ಬರುವುದು ಇಲ್ಲಿ. ಮಗನ ಕೈಗೆ ಕಂಪಾಸ್ ಕೊಡಿ. ನಾಲ್ಕು ಸೆಂಟಿಮೀಟರ್ ತೆರೆದು ವೃತ್ತ ಎಳೆಯಲಿ. ಕಂಪಾಸ್ ಅಳತೆ ಬದಲಿಸದೆ, ವೃತ್ತದ ಗೆರೆಯ ಮೇಲೆ ಮುಳ್ಳು ಇಟ್ಟು ಒಳಗೆ ಒಂದು ಬಿಲ್ಲು ಎಳೆಯಲಿ. ಆ ಬಿಲ್ಲು ವೃತ್ತವನ್ನು ಮುಟ್ಟಿದ ಕಡೆ ಮತ್ತೆ ಮುಳ್ಳು, ಮತ್ತೆ ಬಿಲ್ಲು. ಆರು ಸಲಕ್ಕೆ ಆರು ದಳದ ಹೂವು ಕೂಡಿಕೊಳ್ಳುತ್ತದೆ. ನಾಲ್ಕು ತೋಳೇ ಬೇಕು ಅಂದರೆ ವೃತ್ತ ಕತ್ತರಿಸಿ ನಾಲ್ಕು ಮಡಿಕೆ ಮಾಡಿದರೆ ಗೆರೆ ತಾನೇ ಬೀಳುತ್ತದೆ. ಮಗಳಿಗೆ ಅದು.

ಬಣ್ಣಕ್ಕೆ ಅಡುಗೆಮನೆಗೆ ಹೋಗಿ. ಅರಿಶಿನವನ್ನು ಎರಡು ಚಮಚ ಬಿಸಿ ನೀರಲ್ಲಿ ಕದಡಿದರೆ ಹಳದಿ. ಪಾಲಕ್ ಜಜ್ಜಿ ಬಟ್ಟೆಯಲ್ಲಿ ಹಿಂಡಿದರೆ ಹಸಿರು. ಬೀಟ್‌ರೂಟ್ ತುರಿದು ಹಿಂಡಿದರೆ ಗುಲಾಬಿ. ಹಳದಿ ಒಣಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಬ್ರಷ್ ಅದ್ದಿ ಅದರ ಮೇಲೆ ಗೆರೆ ಎಳೆಯಿರಿ. ಗೆರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಆಗುವುದೂ ಇದೇ ಕಾರಣಕ್ಕೆ. ಕ್ಷಾರ ಸೇರಿದರೆ ಅರಿಶಿನ ಕೆಂಪಾಗುತ್ತದೆ. ಇದನ್ನು ತೋರಿಸಲು ಅತ್ತೆಯವರನ್ನೇ ಕೂರಿಸಿ. ಸೊಪ್ಪಿನ ಹಸಿರು ಮಾತ್ರ ನಿಲ್ಲುವುದಿಲ್ಲ, ಕೆಲವೇ ದಿನದಲ್ಲಿ ಮಾಸಿ ಕಂದಾಗುತ್ತದೆ. ಹಾಗಾಗಿ ಬ್ಯಾಡ್ಜನ್ನು 16ರ ಸಂಜೆ ಮಾಡಿ. ಅರಿಶಿನ ಟೇಬಲ್ ಬಟ್ಟೆಗೆ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ, ಬಾಡಿಗೆ ಮನೆಯಾದರೆ ಕಾರ್ಪೆಟ್ ಇಲ್ಲದ ಕಡೆ ಕೂರಿ.

ನೀಲಿ ಬಳಿದರೂ ತಪ್ಪಲ್ಲ. ಪ್ಯಾಟ್ರಿಕ್‌ಗೆ ಸೇರಿದ ಬಣ್ಣ ಅಂತ ನೀಲಿಗೂ ಹಳೆಯ ಲೆಕ್ಕ ಇದೆ. ಇಲ್ಲಿಯ ಅಧ್ಯಕ್ಷರ ಬಾವುಟ ನೋಡಿ, ನೀಲಿಯ ಮೇಲೆ ಚಿನ್ನದ ಹಾರ್ಪ್ ಅನ್ನುವ ತಂತಿವಾದ್ಯ. ಆ ಹಾರ್ಪನ್ನು ಮಕ್ಕಳ ಕೈಲಿ ಬಿಡಿಸುವುದು ಕಷ್ಟ ಅನಿಸಿದರೆ ಜೇಬಿನಲ್ಲೇ ಇದೆ: ಐರ್ಲೆಂಡಿನ ಯೂರೋ ನಾಣ್ಯಗಳಲ್ಲೆಲ್ಲ ಹಾರ್ಪ್ ಇರುತ್ತದೆ. ಎರಡು ಯೂರೋ ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿದರೆ ಮೂಡುತ್ತದೆ. ಕತ್ತರಿಸಿ ಬ್ಯಾಡ್ಜಿನ ನಡುವೆ ಅಂಟಿಸಿ. ಹಿಂದೆ ಒಂದು ರಟ್ಟು, ರಟ್ಟಿಗೆ ಸೇಫ್ಟಿ ಪಿನ್.

ಐರಿಷರ ಗುರುತಾದ ಪುಟ್ಟ ಸೊಪ್ಪು ಶಾಮ್ರಾಕ್ ಬಿಡಿಸುವಾಗ ಒಂದು ಎಚ್ಚರ. ಮೂರೇ ಎಲೆ. ನಾಲ್ಕೆಲೆಯದ್ದು ಅದೃಷ್ಟಕ್ಕೆ ಹುಡುಕುವಂಥದ್ದು, ಅದನ್ನು ಶಾಮ್ರಾಕ್ ಅನ್ನುವುದಿಲ್ಲ. ನಾಲ್ಕೆಲೆ ಬಿಡಿಸಿ ಶಾಲೆಗೆ ಕಳಿಸಿದರೆ ಟೀಚರ್ ನಕ್ಕು ಸುಮ್ಮನಾಗುತ್ತಾರೆ, ಪಕ್ಕದ ಬೆಂಚಿನ ಮಗು ಸುಮ್ಮನಾಗುವುದಿಲ್ಲ. ಪ್ಯಾಟ್ರಿಕ್ ಈ ಮೂರೆಲೆ ತೋರಿಸಿ ದೇವರ ಮೂರು ರೂಪ ವಿವರಿಸಿದ ಅನ್ನುವ ಕಥೆ ಎಲ್ಲರ ಬಾಯಲ್ಲೂ ಇದೆ. ಅವನು 5ನೇ ಶತಮಾನದವನು, ಕಥೆ ಬರಹದಲ್ಲಿ ಸಿಗುವುದು 18ನೇ ಶತಮಾನದಲ್ಲಿ. ಇರಲಿ, ಕಥೆ ಚೆನ್ನಾಗಿದೆ.

ಅಚ್ಚು ಹಾಕುವುದಕ್ಕೆ ಕ್ಯಾಪ್ಸಿಕಂ ತನ್ನಿ. ತಿರುಗಿಸಿ ತಳ ನೋಡಿ. ಮೂರು ಉಬ್ಬು ಇರುವುದನ್ನೇ ಆರಿಸಿ, ನಾಲ್ಕು ಉಬ್ಬಿನದ್ದು ಪಲ್ಯಕ್ಕೆ. ಅಡ್ಡಕ್ಕೆ ಕೊಯ್ದು, ಬೀಜ ತೆಗೆದು, ಕೊಯ್ದ ಅಂಚನ್ನು ಒರೆಸಿ ಒಣಗಿಸಿ. ಈ ಒಂದು ಕೆಲಸ ಬಿಟ್ಟರೆ ಬಣ್ಣ ನೀರಾಗಿ ಹರಿದು ಅಚ್ಚು ಕಲಸಿಹೋಗುತ್ತದೆ. ತಟ್ಟೆಯಲ್ಲಿ ಒಂದು ಸ್ಪಂಜು ಇಟ್ಟು ಅದಕ್ಕೆ ಪೋಸ್ಟರ್ ಬಣ್ಣ ಹಚ್ಚಿ, ಸ್ಪಂಜಿನ ಮೇಲೆ ಒತ್ತಿ ಕಾಗದದ ಮೇಲೆ ಒತ್ತಿ. ತೊಟ್ಟಿಗೆ ಹಳೆ ರಟ್ಟಿನ ಅಂಚು ಸಾಕು. ಬೆಂಡೆಕಾಯಿ ಅಚ್ಚು ಹಾಕಿ ಬೆಳೆದವರಲ್ವಾ ನಾವು, ಹೇಳಿಕೊಡುವುದೇನೂ ಇಲ್ಲ.

ಐರಿಷ್ ಜನಪದ ಕಥೆಗಳ ಹಸಿರು ಟೋಪಿಯ ಕುಳ್ಳ ಲೆಪ್ರಕಾನ್ ಬೇಕೇ ಬೇಕು ಅಂತ ಮಕ್ಕಳು ಕೂತರೆ ಅವನ ಕಸುಬು ಹೇಳಿ. ಅವನು ಚಪ್ಪಲಿ ಹೊಲಿಯುವವನು. ಹಳೆಯ ವರ್ಣನೆಗಳಲ್ಲಿ ಅವನ ಕೋಟು ಕೆಂಪು, ಹಸಿರು ಆಮೇಲೆ ಬಂದದ್ದು. ಅವನನ್ನು ಹಿಡಿಯುವ ಬೋನು ಮಾಡಿಸುವುದು ಅಮೆರಿಕದ ಚಾಳಿ. ಅದಕ್ಕಿಂತ ಹೆಬ್ಬೆರಳ ಗಾತ್ರದ ಒಂದು ಶೂ ಮಾಡಿ, ಫೆಲ್ಟ್ ಬಟ್ಟೆಯಲ್ಲೋ ಹಳೆ ಕಾಲುಚೀಲದ ಚೂರಿನಲ್ಲೋ. ಒಂದೇ ಶೂ. ಇನ್ನೊಂದನ್ನು ಅವನೇ ಹೊಲಿದುಕೊಳ್ಳಲಿ.

ಸಮಯ ಸಿಕ್ಕರೆ ಮೇಯೊ ಜಿಲ್ಲೆಯ ಕ್ಯಾಸಲ್‌ಬಾರ್ ಹತ್ತಿರ ಇರುವ ರಾಷ್ಟ್ರೀಯ ಮ್ಯೂಸಿಯಂನ ಹಳ್ಳಿ ಬದುಕಿನ ವಿಭಾಗಕ್ಕೆ ಹೋಗಿ ಬನ್ನಿ. ಪ್ರವೇಶ ಉಚಿತ. ಹಳ್ಳಿ ಜನ ಹುಲ್ಲು, ಕಡ್ಡಿ, ಜೊಂಡಿನಿಂದ ಏನೇನು ಮಾಡುತ್ತಿದ್ದರು ಅನ್ನುವುದನ್ನು ಕಣ್ಣಾರೆ ನೋಡಬಹುದು. ಅಲ್ಲಿಯವೂ ಅಲ್ಪಸ್ವಲ್ಪ ಸೊಟ್ಟಗೇ ಇವೆ. ನಿಮ್ಮ ಮಗ ಸೊಟ್ಟ ಅಂತ ಬೇಜಾರು ಮಾಡಿಕೊಂಡಾಗ ಅದು ನೆನಪಿಗೆ ಬರಲಿ. ನೀವಂತೂ ಮಕ್ಕಳು ಮಲಗಿದ ಮೇಲೆ ಕೂತು ಸರಿ ಮಾಡಲು ಹೋಗಬೇಡಿ. ಬೆಳಿಗ್ಗೆ ಅವರಿಗೆ ಗೊತ್ತಾಗೇ ಆಗುತ್ತದೆ. ಮಗಳು ಇಪ್ಪತ್ತು ನಿಮಿಷಕ್ಕೆ ಎದ್ದು ಹೋದರೆ ಹೋಗಲಿ, ಅವಳ ವಯಸ್ಸಿಗೆ ಅದೇ ಹೆಚ್ಚು.

ಕೊನೆಯದು, ದಾವಣಗೆರೆಗೆ ಕಳಿಸುವುದು. ಹುಲ್ಲಿನ ಶಿಲುಬೆ ಅಂಚೆಯಲ್ಲಿ ಬೇಡ. ಗಿಡದ ವಸ್ತು ಅಂತ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ಸಿಗದಿದ್ದರೂ ದಾರಿಯಲ್ಲಿ ಮುರಿಯುತ್ತದೆ. ಕಾಗದದ ಬ್ಯಾಡ್ಜು, ಕ್ಯಾಪ್ಸಿಕಂ ಅಚ್ಚಿನ ಕಾರ್ಡು ಸಾಮಾನ್ಯ ಲಕೋಟೆಯಲ್ಲಿ ಹೋಗುತ್ತವೆ. ಕಳಿಸುವ ಬ್ಯಾಡ್ಜಿಗೆ ಸೊಪ್ಪಿನ ರಸ ಬೇಡ, ಕ್ರೇಯಾನ್ ಹಚ್ಚಿಸಿ. ಫೆಬ್ರವರಿ ಮಧ್ಯದಲ್ಲೇ ಪೋಸ್ಟ್ ಮಾಡಿ.

ಶಿಲುಬೆಯನ್ನು ಅವರೇ ಅಲ್ಲಿ ಮಾಡಲಿ, ಮೊಮ್ಮಗ ವಿಡಿಯೋ ಕಾಲ್‌ನಲ್ಲಿ ಹೇಳಿಕೊಡಲಿ. ತೆಂಗಿನ ಗರಿ ಸಾಕು. ಮಂಗಳೂರು ಕಡೆಯ ಕ್ರೈಸ್ತರು ಗರಿಗಳ ಭಾನುವಾರಕ್ಕೆ ಗರಿಯಲ್ಲೇ ಪುಟ್ಟ ಶಿಲುಬೆ ಮಡಚುತ್ತಾರೆ. ಗಿರಗಿಟ್ಲೆ, ವಾಚು ಮಾಡಿ ಗೊತ್ತಿರುವ ನಿಮ್ಮಪ್ಪನ ಕೈಗೆ ಇದು ಹತ್ತು ನಿಮಿಷದ ಕೆಲಸ. ಎಳೆ ಗರಿ ತೆಗೆದುಕೊಂಡು ಕಡ್ಡಿ ಸೀಳಿ ತೆಗೆಯಲಿ. ಒಂದು ಬೆರಳಗಲದ ಪಟ್ಟಿಗಳು, ನಡುವಿನದ್ದೂ ಸೇರಿ ಒಂಬತ್ತು. ಪಟ್ಟಿ ಚಪ್ಪಟೆ ಇರುವುದರಿಂದ ಜಾಸ್ತಿ ಹಾಕಿದರೆ ನಡುವಿನ ಚೌಕ ಉಬ್ಬಿಕೊಳ್ಳುತ್ತದೆ. ಗರಿ ಒಣಗಿದಾಗ ಕುಗ್ಗಿ ಕಟ್ಟು ಸಡಿಲವಾಗುತ್ತದೆ, ವಾರದ ಮೇಲೆ ದಾರ ಬಿಚ್ಚಿ ಇನ್ನೊಂದು ಸಲ ಬಿಗಿಯಾಗಿ ಕಟ್ಟಲು ಹೇಳಿ.